ಅವ್ವನಿಗೆ ವಿಮಾನವೋ ಹೋಟೆಲೋ

ವಿಮಾನ ಹತ್ತುವ ಏಣಿಗೆ ಹನ್ನೊಂದೂವರೆ ಮೆಟ್ಟಿಲು ಇರುತ್ತವೆ. ಇದನ್ನು ನಾನೇ ಎಣಿಸಿದ್ದೇನೆ. ೧೯೮೨ರಲ್ಲಿ, ಗಣಪತಿ ಹಬ್ಬಕ್ಕೆ ಮುಂಚಿನ ಒಂದು ರವಿವಾರ, ಇಚಲಕರಂಜಿಯಿಂದ ಮೂರು ಬಸ್ಸು ಬದಲಿಸಿ ಬೆಳಗಾವಿಯ ಆಚೆಗಿನ ಸಾಂಬ್ರಾಕ್ಕೆ ಹೋಗಿ, ವಿಮಾನ ನಿಲ್ದಾಣದ ತಂತಿಬೇಲಿಯ ಹೊರಗೆ ಕೊಡೆ ಹಿಡಿದು ನಿಂತಿದ್ದೆ. ಮುಂಬೈ ವಿಮಾನಕ್ಕೆ ಜನ ಹತ್ತುತ್ತಿದ್ದರು. ಅಷ್ಟು ದೂರದಿಂದ ಮೆಟ್ಟಿಲು ಕಾಣಿಸುತ್ತಿರಲಿಲ್ಲ, ಏರುವ ತಲೆಗಳು ಮಾತ್ರ ಕಾಣಿಸುತ್ತಿದ್ದವು. ಸಫಾರಿ ಸೂಟಿನ ಒಬ್ಬ ದಪ್ಪ ಮನುಷ್ಯನ ತಲೆ ಹನ್ನೊಂದು ಸಲ ಮೇಲೆದ್ದಿತು. ಅವನ ಹಿಂದಿನ ಹೆಂಗಸಿನ ತಲೆ ಹನ್ನೆರಡು ಸಲ. ಯಾರನ್ನು ನಂಬಬೇಕೆಂದು ತಿಳಿಯದೆ ಸರಾಸರಿ ತೆಗೆದು ನೋಟುಬುಕ್ಕಿನಲ್ಲಿ ಹನ್ನೊಂದೂವರೆ ಎಂದು ಬರೆದುಕೊಂಡೆ. ಆ ಅರ್ಧ ಮೆಟ್ಟಿಲನ್ನು ನನ್ನ ಅವ್ವ ಹೇಗೆ ಹತ್ತಬೇಕು ಎಂಬ ಪ್ರಶ್ನೆ ತಿರುಗಿ ನಿಪ್ಪಾಣಿಗೆ ಬರುವವರೆಗೂ ನನಗೆ ಹೊಳೆಯಲಿಲ್ಲ.

ಮೆಟ್ಟಿಲಿನ ಚಿಂತೆಗೆ ಕಾರಣ ಅವ್ವನ ಮೊಣಕಾಲು.

ನಮ್ಮದು ಗಡಹಿಂಗ್ಲಜ ತಾಲೂಕಿನ ನೂಲ. ಕುರಿ ಸಾಕುವ ಮನೆತನ. ಪ್ರತಿವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ನೂರೆಂಬತ್ತು ಕುರಿಗಳು ಊರು ಬಿಟ್ಟು, ಹೊಲದಿಂದ ಹೊಲಕ್ಕೆ ಹಟ್ಟಿ ಹಾಕುತ್ತ, ಪಂಚಗಂಗೆ ದಾಟಿ, ಶಿರೋಳ ತಾಲೂಕಿನ ಕಪ್ಪು ಮಣ್ಣಿನವರೆಗೆ ಹೋಗಿ ಮಳೆಗಾಲಕ್ಕೆ ಮರಳುತ್ತಿದ್ದವು. ಹಿಂಡಿನ ಹಿಂದೆ ನನ್ನ ತಮ್ಮ ಕಾಡಸಿದ್ದ, ಮುಂದೆ ಅವ್ವ ಬೀರವ್ವ. ಅಪ್ಪ ತೀರಿಕೊಂಡ ಮೇಲಿನ ಹದಿನೆಂಟು ವರ್ಷ ಅವ್ವನೇ ಮುಂದೆ. ಆ ವರ್ಷ ಗಡಹಿಂಗ್ಲಜದ ಡಾಕ್ಟರೊಬ್ಬರು ಅವಳ ಎರಡೂ ಮೊಣಕಾಲು ಒತ್ತಿ ನೋಡಿ, ಇನ್ನೊಂದು ಹಂಗಾಮು ನಡೆದರೆ ಅದರ ಮುಂದಿನ ಹಂಗಾಮಿಗೆ ಎತ್ತಿಕೊಂಡು ಹೋಗಬೇಕಾದೀತು ಎಂದರು. ಅವ್ವ ಅವರ ಫೀ ಕೊಟ್ಟು ಹೊರಗೆ ಬಂದು, ಆ ಮನುಷ್ಯನಿಗೆ ಕುರಿಯ ವಿಷಯ ಏನು ಗೊತ್ತು ಎಂದಳು.

ಹಿರಿಯ ಮಗ ನಾನು, ಹಾಲಸಿದ್ದ. ನ್ಯಾಯವಾಗಿ ಹಿಂಡಿನ ಮುಂದೆ ನಡೆಯಬೇಕಾದವನು. ಹದಿನೇಳನೇ ವಯಸ್ಸಿಗೆ ಇಚಲಕರಂಜಿಗೆ ಓಡಿಬಂದು, ಮಗ್ಗದ ಬಿಡಿಭಾಗ ಮಾಡುವ ವರ್ಕಶಾಪಿನಲ್ಲಿ ಲೇಥ್ ಹಿಡಿದೆ. ಸಂಜೆ ಶಾಲೆಗೆ ಹೋಗಿ ಮೂರನೇ ಸಲಕ್ಕೆ ಮೆಟ್ರಿಕ್ ಪಾಸಾದೆ. ಅವ್ವ ಇದನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ಆಡಿದ್ದರೆ ಚಲೋ ಇತ್ತು. ಕೊಡಬೇಕಾದ ಉತ್ತರವನ್ನು ನಾನು ವರ್ಷಗಟ್ಟಲೆ ತಿದ್ದಿ ತಿದ್ದಿ ಸಿದ್ಧ ಇಟ್ಟುಕೊಂಡಿದ್ದೆ.

ಡಾಕ್ಟರ ಮಾತು ಕೇಳಿದ ವಾರವೇ ನೂಲಕ್ಕೆ ಹೋಗಿ, ಇನ್ನು ಮನೆಯಲ್ಲಿ ಕೂತುಬಿಡು ಎಂದು ಅವ್ವನಿಗೆ ಹೇಳಿದೆ. ಅವಳು ಉಣ್ಣೆ ಹಿಂಜುತ್ತ, ತಲೆ ಎತ್ತದೆ ಕೇಳಿದಳು:

“ಕುಂತು ಏನ ಮಾಡ್ಲಿ? ಕುಂದ್ರೂದು ನನಗ ಬರೂದಿಲ್ಲ.”

ಬರುವುದಿಲ್ಲ ಎಂದರೆ ಕಲಿಸಬಹುದು ಎಂದು ನನ್ನ ಸಂಜೆ ಶಾಲೆಯ ತಲೆಗೆ ಹೊಳೆಯಿತು. ನಾಲ್ಕು ದಿನ ಮುಂಬೈಗೆ ಕರೆದೊಯ್ಯುತ್ತೇನೆ, ಕಾಲು ನೆಲಕ್ಕೆ ಊರಗೊಡುವುದಿಲ್ಲ, ಸುಮ್ಮನೆ ಕೂರುವುದರ ರುಚಿ ನೋಡು ಎಂದೆ. ರುಚಿ ಹಿಡಿದರೆ ಈ ವರ್ಷದಿಂದ ಹಿಂಡು ಕಾಡಸಿದ್ದನದು. ಅವ್ವ ಬಹಳ ಹೊತ್ತು ಉಣ್ಣೆ ಹಿಂಜಿದಳು.

“ಆತು. ಆದರ ಬ್ಯಾಸರ ಆತಂದ್ರ, ದೀಪಾವಳಿ ಪಾಡ್ಯಾದ ಮರುದಿನ ನಾ ಹಿಂಡಿನ ಮುಂದ ಇರತೇನಿ. ಆಮ್ಯಾಲ ಆ ಡಾಕ್ಟರ ಹೆಸರ ನನ್ನ ಮುಂದ ತಗೀಬ್ಯಾಡ.”

ಹೀಗೆ ಅವ್ವನ ಎರಡು ಮೊಣಕಾಲುಗಳ ಭವಿಷ್ಯ ನನ್ನ ಪ್ರವಾಸದ ಏರ್ಪಾಟಿನ ಮೇಲೆ ನಿಂತಿತು. ಆ ಹೊತ್ತಿಗೆ ನಾನು ಮಾಡಿದ್ದ ಅತಿ ದೊಡ್ಡ ಏರ್ಪಾಟು ಎಂದರೆ ವರ್ಕಶಾಪಿನ ಆಯುಧಪೂಜೆಗೆ ಬಾಳೆಹಣ್ಣು ತಂದದ್ದು. ಅದರಲ್ಲೂ ಒಂದು ಡಜನ್ ಕಡಿಮೆ ಬಿದ್ದಿತ್ತು.

ನನ್ನ ಹತ್ತಿರ ಎರಡು ಸಾವಿರ ರೂಪಾಯಿ ಇತ್ತು. ನಾನು, ಹೆಂಡತಿ ಯಮುನವ್ವ, ಅವ್ವ, ಇಷ್ಟು ಜನ ಅದರಲ್ಲಿ ಹೋಗಿ ಬರಬೇಕು. ಒಂದು ಕಡೆ ವಿಮಾನದಲ್ಲಿ ಹೋದರೂ ಅರ್ಧಕ್ಕಿಂತ ಹೆಚ್ಚು ಹಣ ಆಕಾಶದಲ್ಲೇ ಮುಗಿಯುತ್ತಿತ್ತು. ಆಮೇಲೆ ಉಳಿಯಲು ನಮಗೆ ದಕ್ಕುವುದು ದಾದರಿನ ಒಂದು ಲಾಡ್ಜು: ನಾಲ್ಕನೇ ಮಹಡಿ, ಲಿಫ್ಟಿಲ್ಲ, ಪಾಯಖಾನೆ ಪಡಸಾಲೆಯ ಕೊನೆಗೆ. ಕೊಲ್ಹಾಪುರದಿಂದ ರಾತ್ರಿ ರೈಲಿಗೆ ಹೋದರೆ ಲಿಫ್ಟು, ಬಿಸಿನೀರು, ಮೆತ್ತನೆಯ ಮಂಚ ಇರುವ ಹೋಟೆಲು ಸಿಗುತ್ತಿತ್ತು. ಆದರೆ ಹಲಗೆಯ ಮೇಲೆ ಹನ್ನೆರಡು ತಾಸು ಕಾಲು ಮಡಚಿ ಕೂತ ಅವ್ವ ಮುಂಬೈಯಲ್ಲಿ ಇಳಿಯುವುದೇ ಕಷ್ಟವಾದರೆ ಆ ಮೆತ್ತನೆಯ ಮಂಚ ಯಾರಿಗೆ? ಇತ್ತ, ಹಕ್ಕಿಯ ಹಾಗೆ ಹಾರಿ ಹೋಗಿ ನಾಲ್ಕು ಮಹಡಿ ಹತ್ತಿಸಿದರೆ ಹಾರಿದ್ದರ ಫಲವೇನು?

ಸಂಜೆ ಶಾಲೆಯ ಗಣಿತದ ಮಾಸ್ತರರು ಎಂಥ ಪ್ರಶ್ನೆಯಾದರೂ ಎರಡು ಕಾಲಮ್ಮಿನಲ್ಲಿ ಬರೆದರೆ ಉತ್ತರ ತಾನಾಗಿ ಕೆಳಗೆ ಇಳಿಯುತ್ತದೆ ಎನ್ನುತ್ತಿದ್ದರು. ನಾನು ಬರೆದೆ. ಉತ್ತರ ಇಳಿಯಲಿಲ್ಲ, ಕಾಲಮ್ಮುಗಳು ಎಂಟಾದವು. ಮೊಣಕಾಲು, ನಿದ್ದೆ, ಗದ್ದಲ, ಹೆದರಿಕೆ, ಊರಲ್ಲಿ ಹೇಳಿಕೊಳ್ಳುವ ಸುಖ, ಹೀಗೆ ಒಂದೊಂದಕ್ಕೂ ಹತ್ತರಲ್ಲಿ ಇಷ್ಟು ಎಂದು ಕೆಂಪು ಶಾಯಿಯಲ್ಲಿ ಅಂಕ ಕೊಟ್ಟೆ. ನಾನು ಜನ್ಮದಲ್ಲಿ ವಿಮಾನ ಹತ್ತಿದವನಲ್ಲ, ಹೋಟೆಲಿನಲ್ಲಿ ಮಲಗಿದವನೂ ಅಲ್ಲ. ಆದರೂ ಕೈ ಎಲ್ಲೂ ತಡೆಯಲಿಲ್ಲ. ಒಟ್ಟು ಕೂಡಿಸಿದಾಗ ವಿಮಾನಕ್ಕೆ ಅರವತ್ತೊಂದು, ಹೋಟೆಲಿಗೆ ಅರವತ್ತೊಂದು. ನನ್ನಲ್ಲಿ ಪಕ್ಷಪಾತ ಇರಬಹುದು ಎಂಬ ಸಂಶಯದಿಂದ ಎಲ್ಲ ಹೊಡೆದುಹಾಕಿ, ಎರಡು ದಿನ ಬಿಟ್ಟು, ತಣ್ಣಗಿನ ತಲೆಯಿಂದ ಮತ್ತೆ ಕೊಟ್ಟೆ. ಐವತ್ತೆಂಟು, ಐವತ್ತೆಂಟು.

ಯಮುನವ್ವ ನೂಲು ಸುತ್ತುವ ಕೆಲಸದಿಂದ ಬಂದವಳು ತಲೆಯ ಮೇಲಿನ ಹತ್ತಿಯನ್ನು ಕೊಡವುತ್ತ ನೋಟುಬುಕ್ಕಿನ ಮೇಲೆ ಬಗ್ಗಿ ನೋಡಿದಳು.

“ಎಂಟ ಮನಿ ಹಾಕೀರಿ. ಇದರಾಗ ಅತ್ತಿ ಎಲ್ಲಿ ಅದಾರ?”

ಎಂಟೂ ಅವ್ವನ ಸಲುವಾಗಿಯೇ ಎಂದೆ.

“ಸಲುವಾಗಿ ಐತ್ರಿ. ಅವರನ್ನ ಕೇಳಿದ್ದು ಎಲ್ಲೈತಿ ಅಂತ ಕೇಳಾಕತ್ತೇನಿ.”

ಅವ್ವನನ್ನು ಕೇಳಿದರೆ ಯಾವುದು ಅಗ್ಗವೋ ಅದನ್ನೇ ಹೇಳುತ್ತಾಳೆ, ಆದ್ದರಿಂದ ಕೇಳಬಾರದು ಎಂದು ಅವಳಿಗೆ ವಿವರಿಸಿದೆ. ವಿವರಣೆ ನನಗೆ ಪೂರ್ಣ ಸರಿ ಎನಿಸಿತು. ಅವಳು ಒಲೆ ಹಚ್ಚಲು ಹೋದಳು.

ಅಂಕಪಟ್ಟಿಗೆ ಅನುಭವದ ಆಧಾರ ಬೇಕು ಎಂದು, ಮರುದಿನ ವರ್ಕಶಾಪಿನಲ್ಲಿ ಊಟದ ಬಿಡುವಿಗೆ ಒಂದು ಮಡಚುವ ಕಬ್ಬಿಣದ ಕುರ್ಚಿಯನ್ನು ಹಳೆಯ ಲೇಥಿನ ಪಕ್ಕಕ್ಕೆ ಇಟ್ಟೆ. ಅದರ ಮೋಟಾರು ಹಚ್ಚಿದರೆ ನೆಲವೆಲ್ಲ ನಡುಗುತ್ತಿತ್ತು. ಕಾಲ ಮೇಲೆ ಚೀಲ ಇಟ್ಟುಕೊಂಡು, ವಿಮಾನದ ಬೆಲ್ಟಿನ ಹಾಗೆ ಸೊಂಟಕ್ಕೆ ಮೋಟಾರಿನ ಹಳೆಯ ಪಟ್ಟಾ ಕಟ್ಟಿಕೊಂಡು, ಗಡಿಯಾರ ನೋಡುತ್ತ ಕೂತೆ. ಮುಂಬೈಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಏಳಬಾರದು ಎಂಬ ನಿಶ್ಚಯ. ಪಕ್ಕದ ಲೇಥಿನ ಗಣಪತ, ವಿಮಾನದಲ್ಲಿ ಪೆಪ್ಪರಮೆಂಟು ಕೊಡುತ್ತಾರಂತೆ ಎಂದು ಎಲ್ಲೋ ಕೇಳಿದ್ದವನು, ಮೊಳೆಗಳ ತಟ್ಟೆಯಲ್ಲಿ ನಾಲ್ಕು ಪೆಪ್ಪರಮೆಂಟು ಇಟ್ಟುಕೊಂಡು ಸೊಂಟ ತಿರುವುತ್ತ ಬಂದ. ಅದೇ ಹೊತ್ತಿಗೆ ಮಾಲಕರು ಒಳಗೆ ಬಂದರು.

ಮಾಲಕ ಶಾಂತಿನಾಥರು ನಾಂದಣಿಯವರು. ಮೋಟಾರು ಖರೀದಿಗೆ ಎರಡು ಸಲ ವಿಮಾನದಲ್ಲಿ ಹೋಗಿ ಬಂದವರು. ನನ್ನ ಸೊಂಟದ ಪಟ್ಟಾ ನೋಡಿ, ಗಣಪತನ ತಟ್ಟೆ ನೋಡಿ, ಲೇಥಿನ ಕರೆಂಟು ಯಾರ ಅಪ್ಪನದು ಎಂದು ಮೊದಲು ಕೇಳಿದರು. ವಿಷಯ ತಿಳಿದ ಮೇಲೆ ಮೆತ್ತಗಾದರು. ವಿಮಾನ ಪೆಪ್ಪರಮೆಂಟು ಕರಗುವುದರೊಳಗೆ ಮುಗಿಯುತ್ತದೆ, ನೆನಪಿರುವುದು ಹಾಸಿಗೆ, ದುಡ್ಡೆಲ್ಲ ಹೋಟೆಲಿಗೆ ಹಾಕು ಎಂದು ಬುದ್ಧಿ ಹೇಳಿದರು. ಗಣಪತ ಒಪ್ಪಲಿಲ್ಲ. ನೂಲದ ಜನ ಯಾವ ಹಾಸಿಗೆಯಲ್ಲಿ ಮಲಗಿದಿರಿ ಎಂದು ಕೇಳುತ್ತಾರೆಯೇ, ಹಾರಿದಿರಾ ಎಂದು ಕೇಳುತ್ತಾರೆ ಎಂದ. ಮಧ್ಯಾಹ್ನವೆಲ್ಲ ವರ್ಕಶಾಪು ಎರಡು ಪಕ್ಷವಾಯಿತು. ನಾನು ಯಾರು ಕೊನೆಗೆ ಮಾತಾಡಿದರೋ ಅವರ ಪಕ್ಷ ಸೇರುತ್ತ ಹೋಗಿ, ಐದು ಗಂಟೆಗೆ ಯಾರ ಪಕ್ಷದಲ್ಲಿದ್ದೇನೆ ಎಂಬುದನ್ನೇ ಮರೆತಿದ್ದೆ.

ಬಗೆಹರಿಸಿದ್ದು ನನ್ನ ಕೆಲಸ. ಲೇಥಿನ ಮೇಲೆ ಹೊಸ ಅಳತೆಯ ಭಾಗ ತೆಗೆಯುವಾಗ ನಾವು ಮೊದಲು ಒಂದೇ ಒಂದು ಸ್ಯಾಂಪಲ್ ತೆಗೆಯುತ್ತೇವೆ. ಅಳತೆ ಕೂಡಿದರೆ ಮುಂದಿನ ಸಾವಿರ. ಅವ್ವನಿಗೂ ಒಂದು ಸ್ಯಾಂಪಲ್ ತೆಗೆದು ನೋಡಬೇಕು! ಕೊಲ್ಹಾಪುರದಲ್ಲೇ ಲಿಫ್ಟು ಇರುವ ಹೋಟೆಲಿನಲ್ಲಿ ಒಂದು ರಾತ್ರಿ ಮಲಗಿಸುವುದು. ವಿಮಾನದ ಬದಲಿಗೆ ನೂಲದಿಂದ ಅಲ್ಲಿಯವರೆಗೆ ಬಾಡಿಗೆಯ ಅಂಬಾಸಿಡರ್ ಕಾರು. ಪ್ರಯಾಣದ ಸುಖ ಎಷ್ಟು, ಹಾಸಿಗೆಯ ಸುಖ ಎಷ್ಟು ಎಂದು ಎರಡನ್ನೂ ಅವ್ವನ ಮೇಲೆಯೇ ಅಳೆದರೆ ಮುಂಬೈಯಲ್ಲಿ ತಪ್ಪಾಗುವುದಿಲ್ಲ. ಆ ಸ್ಯಾಂಪಲ್ಲಿಗೆ ಒಂದು ವಿಮಾನದ ಟಿಕೆಟಿಗಿಂತ ಹೆಚ್ಚು ಖರ್ಚಾಗುತ್ತದೆ ಎಂಬುದನ್ನು ನಾನು ಲೆಕ್ಕ ಹಾಕಿಯೇ ಇದ್ದೆ. ಆದರೆ ಅದನ್ನು ಪ್ರವಾಸದ ಖರ್ಚಿನಲ್ಲಿ ಹಿಡಿಯಬೇಕೋ, ತಪ್ಪು ತಪ್ಪಿಸಿದ ಉಳಿತಾಯದಲ್ಲಿ ಹಿಡಿಯಬೇಕೋ ಎಂಬುದು ತೀರ್ಮಾನವಾಗದೆ ಬೇರೆ ಹಾಳೆಯ ಮೇಲೆ ಬರೆದಿಟ್ಟೆ.

ನವರಾತ್ರಿ ಮುಗಿದ ಮೇಲಿನ ಒಂದು ಶನಿವಾರ ಕಾರು ನೂಲದಿಂದ ಹೊರಟಿತು. ವಿಮಾನದ ಹಾಗೆ ಮೆತ್ತಗೆ ನಡೆಸಬೇಕು ಎಂದು ಡ್ರೈವರನಿಗೆ ಹೇಳಿದ್ದೆ. ಅವನು ಎಷ್ಟು ಮೆತ್ತಗೆ ನಡೆಸಿದನೆಂದರೆ ಗಡಹಿಂಗ್ಲಜ ದಾಟುವುದರೊಳಗೆ ಎರಡು ಎತ್ತಿನ ಗಾಡಿಯವರು ಏನಾಗಿದೆ ಎಂದು ವಿಚಾರಿಸಿದರು. ಅವ್ವ ಕಿಟಕಿಗೆ ಮುಖ ಹಚ್ಚಿ ಕೂತಿದ್ದಳು. ದಾರಿಯ ಹೊಲಗಳೆಲ್ಲ ಅವಳಿಗೆ ಗುರುತಿನವು. ಇದರಲ್ಲಿ ಒಂಬತ್ತು ರಾತ್ರಿ ಇದ್ದೆವು, ನೀರು ದೂರ. ಅದರಲ್ಲಿ ಐದು, ಹೊಲದ ಗೌಡತಿ ಚಲೋ ಹೆಂಗಸು, ಎನ್ನುತ್ತ ಬಂದಳು. ನಾನು ಹತ್ತು ಮೈಲಿಗೊಮ್ಮೆ ಮೊಣಕಾಲು ಹೇಗಿದೆ ಎಂದು ಕೇಳುತ್ತಿದ್ದೆ. ನಾಲ್ಕನೇ ಸಲ ಕೇಳಿದಾಗ, ಈ ಪ್ರಶ್ನೆಯಿಂದಲೇ ನೋಯಲು ಹತ್ತಿದೆ ಎಂದಳು. ಅದನ್ನು ಯಾವ ಕಾಲಮ್ಮಿಗೆ ಸೇರಿಸಬೇಕೋ ತಿಳಿಯಲಿಲ್ಲ.

ಹೋಟೆಲು ಕೊಲ್ಹಾಪುರದ ಸ್ಟೇಶನ್ ರಸ್ತೆಯ ಕಡೆ, ಹೊಸದು. ಅವ್ವ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದೇ ಒಳಗೆ ಬಂದಳು. ಲಿಫ್ಟು ಅವಳಿಗೆ ಸೇರಿತು. ಮೇಲೆ ಹೋಗಿ, ಬಾಗಿಲು ತೆರೆದ ಮೇಲೆ ಇಳಿಯದೆ, ಮತ್ತೊಮ್ಮೆ ಕೆಳಗೆ ಹೋಗಿ ಬಂದಳು. ನಾನು ಸಂತೋಷದಿಂದ ಲಿಫ್ಟಿಗೆ ಒಂಬತ್ತು ಹಾಕಿದೆ.

ಕೋಣೆಯನ್ನು ಅವಳು ಹಟ್ಟಿ ಹಾಕುವ ಜಾಗ ನೋಡುವ ಹಾಗೆ ನೋಡಿದಳು. ಮೊದಲು ನೀರು ಎಲ್ಲಿದೆ ಎಂದು ನಳ ತಿರುವಿದಳು. ಆಮೇಲೆ ಗಾಳಿ ಯಾವ ಕಡೆಯದು ಎಂದು ಕಿಟಕಿ ತೆಗೆಸಿದಳು. ಕಿಟಕಿಯ ಕೆಳಗೆ ಹೋಟೆಲಿನ ಹಿತ್ತಲು. ಅಲ್ಲಿ ಹುಲ್ಲು ಬೆಳೆಸಲು ಯಾರೋ ಪ್ರಯತ್ನ ಮಾಡಿ ಸೋತಿದ್ದರು. ಅದನ್ನು ಬಹಳ ಹೊತ್ತು ನೋಡಿದಳು. ಕೊನೆಗೆ ಮಂಚದ ಮೇಲೆ ಅಂಗೈ ಊರಿದಳು. ಸ್ಪ್ರಿಂಗಿನ ಹಾಸಿಗೆ ಕೆಳಗೆ ಹೋಗಿ ಮೇಲೆ ಬಂತು. ಮತ್ತೆ ಊರಿದಳು, ಮತ್ತೆ ಬಂತು.

“ಇದರ ಬುಡಕ ಯಾರರೆ ಅದಾರೇನು?”

ಯಮುನವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವ್ವ ಕಂಬಳಿಯನ್ನು ನೆಲಕ್ಕೆ ಹಾಸಿ, ಗೋಡೆಗೆ ಒರಗಿ, ಕಾಲು ಚಾಚಿ ಕೂತಳು. ನಾನು ಕುರ್ಚಿ ಎಳೆದುಕೊಂಡು ನೋಟುಬುಕ್ಕು ತೆರೆದು, ಈಗ ಹೇಗೆ ಅನ್ನಿಸುತ್ತದೆ ಎಂದು ಕೇಳಿದೆ. ಆ ಪುಸ್ತಕ ಮುಚ್ಚಿದರೆ ಹೇಳುತ್ತೇನೆ ಎಂದಳು. ಮುಚ್ಚಿದೆ. ಆದರೂ ಹೇಳಲಿಲ್ಲ. ನೆಲದ ಮೇಲೆ ಕೂರುವುದಕ್ಕೆ ನಾನು ಒಂದು ವಿಮಾನದ ಟಿಕೆಟಿನ ದುಡ್ಡು ಖರ್ಚು ಮಾಡಿದ್ದೇನೆ ಎಂಬ ವಿಚಾರ ಬಂತು. ಮುಖ ಮರೆಸಲು ಚಹಾ ಹೇಳಿ ಬರುತ್ತೇನೆಂದು ಹೊರಗೆ ಹೋದೆ.

ತಿರುಗಿ ಬಂದಾಗ ಕೋಣೆಯಲ್ಲಿ ಯಮುನವ್ವ ಒಬ್ಬಳೇ, ಮಂಚದ ಮೇಲೆ ಕೂತು ಮೆಲ್ಲಗೆ ಕುಪ್ಪಳಿಸುತ್ತಿದ್ದಳು.

“ಅತ್ತಿ ಇಲ್ಲೀ ಮಾಲಕರನ್ನ ಕಾಣಾಕ ಕೆಳಗ ಹೋಗ್ಯಾರ. ಕತ್ತಲಾಗೂದ್ರಾಗ ಮಾತು ಮುಗೀಬೇಕಂತ.”

ಕುರುಬರ ಮನೆಯಲ್ಲಿ ಹುಟ್ಟದವರಿಗೆ ಇದನ್ನು ಬಿಡಿಸಿ ಹೇಳಬೇಕು. ಹಿಂಡು ಒಂದು ಹೊಲದಲ್ಲಿ ತಂಗಿದರೆ ಆ ನೆಲಕ್ಕೆ ರಾತ್ರಿಯೆಲ್ಲ ಗೊಬ್ಬರ ಬೀಳುತ್ತದೆ. ಆದ್ದರಿಂದ ಹಟ್ಟಿ ಹಾಕಿದವರು ಹೊಲದವರಿಗೆ ಏನೂ ಕೊಡುವುದಿಲ್ಲ, ಹೊಲದವರೇ ಕೊಡುತ್ತಾರೆ. ಎಷ್ಟು ರಾತ್ರಿ ಇರುವುದು, ಎಷ್ಟು ಜೋಳ ಕೊಡುವುದು ಎಂಬ ಮಾತನ್ನು ಹಿಂಡಿನ ಹಿರಿಯರು ಕತ್ತಲಾಗುವ ಮೊದಲೇ ಹೊಲದ ಮಾಲಕರನ್ನು ಕಂಡು ಮುಗಿಸಬೇಕು. ಅವ್ವ ತನ್ನ ಆಯುಷ್ಯದಲ್ಲಿ ಊರಿನ ಹೊರಗೆ ಎಲ್ಲೆಲ್ಲಿ ತಲೆ ಇಟ್ಟು ಮಲಗಿದ್ದಳೋ, ಅಲ್ಲೆಲ್ಲ ಆ ನೆಲದವರು ಅವಳಿಗೆ ಕೊಟ್ಟಿದ್ದರು. ನಾನು ಮೆಟ್ಟಿಲು ಎಣಿಸಿದ್ದೆ, ಕುರ್ಚಿಯಲ್ಲಿ ಕೂತು ನೋಡಿದ್ದೆ, ಎಂಟು ಕಾಲಮ್ಮು ಬರೆದಿದ್ದೆ. ಇದು ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಓಡಿದೆ. ಕೆಳಗೆ ಅವ್ವ ಸೋಫಾದ ಮೇಲೆ ಕೋಲು ಅಡ್ಡ ಇಟ್ಟುಕೊಂಡು ಕೂತಿದ್ದಳು. ಎದುರಿಗೆ ಬಿಳಿ ಅಂಗಿಯ, ಐವತ್ತರ ಮೇಲಿನ ಮ್ಯಾನೇಜರು ನಿಂತಿದ್ದರು. “ಆಜಿ, ಕಾಯ ಪಾಹಿಜೆ?” ಎಂದು ಅವರು ಕೇಳಿ ಆಗಿತ್ತು, ಏನು ಬೇಕೆಂದು ಅವ್ವ ಹೇಳುತ್ತಿದ್ದಳು.

“ಒಂದ ರಾತ್ರಿ ಇರವ್ರು. ಮೂರ ಮಂದಿ ಅದೇವಿ. ಈ ಸಲ ಕುರಿ ತಂದಿಲ್ರಿ, ಅದಕ್ಕ ನಾ ಭಾಳ ಕೇಳೂದಿಲ್ಲ. ನೀವು ಏನ ಕೊಡತೀರಿ ಹೇಳ್ರಿ.”

ಅವ್ವ ಮುಗ್ಧವಾಗಿ ಕೇಳಿದಳೋ, ನನ್ನ ಏರ್ಪಾಟಿಗೆ ಚೇಷ್ಟೆ ಮಾಡುತ್ತಿದ್ದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆಗ ವಿಚಾರ ಮಾಡುವಷ್ಟು ಧೈರ್ಯ ಇರಲಿಲ್ಲ. ನಡುವೆ ನುಗ್ಗಿ, ಮೆಟ್ರಿಕ್ಕಿನ ಮರಾಠಿಯಲ್ಲಿ, ನನ್ನ ತಾಯಿಯವರ ವತಿಯಿಂದ ಕ್ಷಮೆ ಯಾಚಿಸುತ್ತೇನೆ ಎಂದು ಅರ್ಜಿಯಂಥ ಒಂದು ವಾಕ್ಯ ಸುರುಮಾಡಿದೆ. ವಾಕ್ಯ ಉದ್ದವಾಯಿತು, ಕ್ರಿಯಾಪದ ಸಿಗಲಿಲ್ಲ. ಮ್ಯಾನೇಜರು ನನ್ನ ಕಡೆ ನೋಡಲೇ ಇಲ್ಲ. ಅವರು ಅವ್ವನ ಎದುರಿನ ಕುರ್ಚಿಯಲ್ಲಿ ಕೂತು, ನಮ್ಮದೇ ಕನ್ನಡದಲ್ಲಿ ಕೇಳಿದರು:

“ಎಷ್ಟ ಕುರಿ ಅದಾವ್ರಿ ಯವ್ವಾ?”

ಅವರ ಹೆಸರು ಬಾಳಗೊಂಡ. ಶಿರೋಳ ತಾಲೂಕಿನ ದಾನೋಳಿಯವರು. ಹೋಟೆಲಿನ ನೌಕರಿ ತಿಂಗಳ ಸಂಬಳಕ್ಕೆ, ಜೀವ ಮಾತ್ರ ದಾನೋಳಿಯ ನಾಲ್ಕು ಎಕರೆಯ ಮೇಲೆ. ಕಬ್ಬು ಹಾಕಿ ಹಾಕಿ, ಚೀಲದ ಗೊಬ್ಬರ ಚೆಲ್ಲಿ ಚೆಲ್ಲಿ ನೆಲ ಹೆಂಚಿನ ಹಾಗಾಗಿದೆ, ಮೂರು ವರ್ಷದಿಂದ ಹಿಂಡು ಕೂಡಿಸಬೇಕೆಂದು ಹುಡುಕುತ್ತಿದ್ದೇನೆ ಎಂದರು. ಹಿಂಡುಗಳೇನೋ ಆ ಕಡೆ ಬರುತ್ತವೆ. ಆದರೆ ಅವು ಬರುವಾಗ ಕಬ್ಬು ನಿಂತಿರುತ್ತದೆ, ಕಬ್ಬು ಕಡಿದಾಗ ಹಿಂಡು ಮುಂದೆ ಹೋಗಿರುತ್ತದೆ. ಮೊದಲೇ ಮಾತಾಡಿಕೊಳ್ಳೋಣವೆಂದರೆ ಕುರಿಯವರನ್ನು ಎಲ್ಲಿ ಹಿಡಿಯುವುದು? ಅವ್ವ ಕಬ್ಬು ಯಾವಾಗ ಹೋಗುತ್ತದೆ ಎಂದು ಕೇಳಿದಳು. ಹೊಲ ಯಾವ ಕಡೆ ಇಳಿಜಾರು, ಬಾವಿ ಯಾರದು, ಓಣಿಯಲ್ಲಿ ಎಷ್ಟು ನಾಯಿ ಎಂದು ಕೇಳಿದಳು. ಚಹಾ ಬಂತು. ಬಾಳಗೊಂಡರ ಅಣ್ಣತಮ್ಮಂದಿರ ಹೊಲದ ಮಾತು ಬಂತು, ಪಕ್ಕದ ಊರಿನ ಬೀಗರ ಹೊಲದ ಮಾತು ಬಂತು. ಎರಡನೇ ಚಹಾ ಬಂತು. ಯಮುನವ್ವ ಬಂದು ಅತ್ತೆಯ ಪಕ್ಕಕ್ಕೆ ಕೂತಳು. ನನಗೆ ಕೂರಲು ಯಾರೂ ಹೇಳಲಿಲ್ಲ.

“ನಿಂತ ಏನ ನೋಡಾಕತ್ತಿ? ಪುಸ್ತಕ ತಗಿ, ಬರಿ,” ಎಂದಳು ಅವ್ವ.

ಬರೆದೆ. ಬಾಳಗೊಂಡರಲ್ಲಿ ಹನ್ನೆರಡು ರಾತ್ರಿ. ಅವರ ಅಣ್ಣನಲ್ಲಿ ಎಂಟು. ಬೀಗರಲ್ಲಿ ಆರು, ಹೊಲ ನೋಡಿದ ಮೇಲೆ ಖಾತ್ರಿ. ಮುಂಬೈಯ ಕಾಲಮ್ಮುಗಳ ಹಿಂದಿನ ಪುಟದಲ್ಲೇ ಬರೆಯುತ್ತ ಬರೆಯುತ್ತ, ಏನಾಗುತ್ತಿದೆ ಎಂಬುದು ನನಗೆ ನಿಧಾನವಾಗಿ ತಿಳಿಯಿತು. ಅವ್ವನಿಗೆ ಕುರಿ ಬಿಡಿಸಲೆಂದು ನಾನು ಏರ್ಪಾಟು ಮಾಡಿದ ಸುಖದ ಸ್ಯಾಂಪಲ್ಲಿನಲ್ಲಿ, ಎರಡು ತಾಸಿನೊಳಗೆ, ಅವಳು ಮುಂದಿನ ಹಂಗಾಮಿನ ನಡಿಗೆ ಗೊತ್ತು ಮಾಡಿಕೊಂಡಿದ್ದಳು. ಅದನ್ನು ನನ್ನ ಕೈಯಿಂದಲೇ ಬರೆಸಿದ್ದಳು. ಪೆನ್ನು ನಿಂತಿತು.

“ಅವ್ವಾ, ನಡ್ಯಾಕ ಡಾಕ್ಟರು ಬ್ಯಾಡ ಅಂದಾರ.”

“ನಡೀತೇನಿ ಅಂತ ಯಾರ ಅಂದ್ರು?”

ಅವಳು ಕೋಲನ್ನು ಸೋಫಾಕ್ಕೆ ಆನಿಸಿ, ಮೊದಲ ಸಲ ಹಿಂದಕ್ಕೆ ಒರಗಿದಳು.

“ಕುರಿ ನಡೀತಾವು, ಕಾಡಸಿದ್ದ ನಡೀತಾನ. ನಾ ಹದಿನೆಂಟ ವರ್ಷ ನಡದದ್ರಾಗ ಅರ್ಧದಾರಿ ಕುರಿ ಜೋಡಿ ಅಲ್ಲ. ಹಿಂಡ ಒಂದ ಕಡೆ ನಿಂದ್ರಿಸಿ, ಯಾರ ಹೊಲ ಕೊಡತಾರು ಅಂತ ನಾಕ ಊರ ತಿರಗತಿದ್ನಿ. ಮಾತ ಮೊದಲ ಆಗಿದ್ರ ಅದ್ಯಾಕ ಬೇಕು? ನಾ ಬಸ್ಸಿನ್ಯಾಗ ಮುಂದ ಹೋಗತೇನಿ, ಇಂಥವರ ಮನಿ ಕಟ್ಟಿ ಮ್ಯಾಲ ಕುಂದರತೇನಿ, ಮಾತ ಮುಗಸತೇನಿ. ಹಿಂಡ ಹಿಂದಿಂದ ಬರಲಿ.”

ಬಾಳಗೊಂಡರು ಹೌದ್ರಿ ಎಂದರು. ಎರಡು ತಾಸು ಅವ್ವ ಕೂತೇ ಇದ್ದಳು; ಮೊಣಕಾಲು ಹೇಗಿದೆ ಎಂದು ನಾನು ಕೇಳುವುದನ್ನು ಮರೆತಿದ್ದೆ, ಅವಳು ಹೇಳುವುದನ್ನು ಮರೆತಿದ್ದಳು.

ಹಟ್ಟಿಯ ಮಾತು ಮುಗಿದ ರಾತ್ರಿ ಊಟ ಹೊಲದವರದು. ಬಾಳಗೊಂಡರು ಕೊಲ್ಹಾಪುರದ ತಮ್ಮ ಮನೆಯಿಂದ ಜೋಳದ ಭಕ್ಕರಿ, ಕಡಲೆಹಿಟ್ಟಿನ ಝುಣಕಾ ತರಿಸಿ ಕೋಣೆಗೆ ಕಳಿಸಿದರು. ಕೋಣೆಯ ಬಾಡಿಗೆಯನ್ನು ಮರುದಿನ ನಾನು ಅವ್ವನಿಗೆ ಕಾಣದ ಹಾಗೆ ಕಟ್ಟಿದೆ. ನನ್ನಂಥವನಿಂದ ಗುಟ್ಟು ಉಳಿಯುವುದಿಲ್ಲ. ಬಸ್ ಸ್ಟ್ಯಾಂಡು ತಲುಪುವುದರೊಳಗೆ ಹೇಳಿಬಿಟ್ಟೆ. ಅವ್ವ ಬೈಯಲಿಲ್ಲ. ಮಲಗಿದ್ದಕ್ಕೆ ನಾವೇ ಕೊಟ್ಟಿದ್ದು ಯಾರಿಗೂ ಹೇಳಬೇಡ ಎಂದಷ್ಟೇ ಹೇಳಿದಳು. ಉಳಿದ ಹಣದಲ್ಲಿ ರೈಲಿಗೆ ಹೋಗಿ ಅಗ್ಗದ ಲಾಡ್ಜಿನಲ್ಲಾದರೂ ಇದ್ದು ಬರಬಹುದು ಎಂದು ನಾನು ಹೊಸ ಲೆಕ್ಕ ತೆಗೆದೆ. ಮುಂಬೈಯಲ್ಲಿ ನಮಗೆ ಯಾರ ಹೊಲ ಇದೆ ಎಂದು ಅವಳು ಕೇಳಿದಳು. ಯಾವ ಕಡೆ ಮಲಗುವುದು ಎಂಬುದು ಗೊತ್ತಿಲ್ಲದೆ ದಾರಿಯ ಚಿಂತೆ ಮಾಡುವವನನ್ನು ಹಿಂಡಿನ ಮುಂದೆ ಬಿಡುವುದಿಲ್ಲ, ನೀನು ಲೇಥ್ ಹಿಡಿದದ್ದು ಚಲೋ ಆಯಿತು ಎಂದೂ ಅಂದಳು. ಎಷ್ಟೋ ವರ್ಷದಿಂದ ನಾನು ಸಿದ್ಧ ಇಟ್ಟುಕೊಂಡಿದ್ದ ಉತ್ತರ ಆ ಮಾತಿಗೆ ಹೊಂದಲಿಲ್ಲ.

ದೀಪಾವಳಿಯ ಪಾಡ್ಯ ಮುಗಿದ ಮರುದಿನ ಹಿಂಡು ಹೊರಟಿತು. ನಾನು ರಜೆ ಹಾಕಿ ನೂಲಕ್ಕೆ ಬಂದಿದ್ದೆ. ಬಾಳಗೊಂಡರ ಬೀಗರ ಹೊಲ ನೋಡಲು ಅವ್ವನ ಜೊತೆ ಬಸ್ಸಿನಲ್ಲಿ ಹೋಗುವ ಕೆಲಸ ನನ್ನದು. ಅವ್ವ ಊರ ಹೊರಗಿನ ರಸ್ತೆಯ ಬದಿಗೆ ಒಂದು ಕಲ್ಲಿನ ಮೇಲೆ ಕೂತಿದ್ದಳು. ಹಿಂಡು ಓಣಿಯಿಂದ ಹೊರಬಿದ್ದು ರಸ್ತೆಗೆ ಬಂತು. ಮುಂದಿನ ಕುರಿ ಅವಳೆದುರಿಗೆ ಬಂದು ನಿಂತುಬಿಟ್ಟಿತು. ಅದು ನಿಂತಿದ್ದಕ್ಕೆ ಹಿಂದಿನವೆಲ್ಲ ನಿಂತವು. ಒಂದು ಟ್ರಕ್ಕು ಹಾರನ್ ಹೊಡೆಯತೊಡಗಿತು.

“ನಡಿ,” ಎಂದಳು ಅವ್ವ, ಏಳದೆ.

ಕುರಿ ನಡೆಯಲಿಲ್ಲ. ಕಾಡಸಿದ್ದ ಬಂದು, ಅದರ ಕೊರಳಿಗೆ ಕೈ ಹಾಕಿ ಎಳೆದುಕೊಂಡು ಹೋದ. ಒಂದು ಹೋದ ಮೇಲೆ ಉಳಿದವು ಹೋದವು. ದಾಟುವುದಕ್ಕೆ ಬಹಳ ಹೊತ್ತು ಹಿಡಿಯಿತು. ನಾಯಿ ಮಾತ್ರ ತಿರುವಿನವರೆಗೆ ಹೋಗಿ ಮರಳಿ ಬಂದು ಅವ್ವನ ಕಾಲ ಹತ್ತಿರ ಕೂತಿತು. ಅವಳು ಮಣ್ಣಿನ ಹೆಂಟೆ ಎಸೆದಳು. ಹೋಗಿ ಮತ್ತೆ ಬಂತು. ಮೂರನೇ ಸಲ ಬಂದಾಗ ಅವಳು ಕೋಲಿನಿಂದ ನಿಜವಾಗಿಯೇ ಒಂದು ಹೊಡೆದಳು. ಅದು ಕುಂಯ್ ಎಂದು ಓಡಿತು, ತಿರುಗಿ ನೋಡಲಿಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಧೂಳು ಬಹಳ ಇತ್ತು.

“ಅವ್ವಾ, ಬೇಕಾದ್ರ ಇವತ್ತೊಂದ ದಿನ ಅವರ ಜೋಡಿ...” ಎಂದೆ. ಇಷ್ಟೆಲ್ಲ ಆದ ಮೇಲೆ ನಾನೇ ಹಾಗೆ ಅಂದೆ.

“ಬಸ್ಸ ಎಷ್ಟಕ್ಕ ಐತಿ?”

ಒಂಬತ್ತೂ ಇಪ್ಪತ್ತಕ್ಕೆ ಎಂದೆ.

“ಹಂಗಾದ್ರ ಸುಮ್ಮ ಕುಂದ್ರು.”

ಪಕ್ಕದ ಕಲ್ಲಿನ ಮೇಲೆ ಕೂತೆ. ಅವ್ವ ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ತಿರುವಿನ ಕಡೆ ನೋಡುತ್ತಿದ್ದಳು. ಕುರಿಯ ಸದ್ದು ಸ್ವಲ್ಪ ಹೊತ್ತು ಕೇಳಿಸಿ ನಿಂತಿತು. ಬಸ್ಸು ಅವತ್ತು ನಲವತ್ತು ನಿಮಿಷ ತಡವಾಗಿ ಬಂತು. ಅಷ್ಟು ಹೊತ್ತೂ ಅವಳು ಎದ್ದು ನಿಲ್ಲಲಿಲ್ಲ.